ಅಂಗೈ ಹುಣ್ಣಿಗೆ ಬೆನ್ನೇ ಕನ್ನಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯ ತುದಿಯಲ್ಲಿರುವ ಚರ್ಮರೋಗದ ವಾರ್ಡಿನಲ್ಲಿ ಸ್ನಾನದ ಕೋಣೆಯ ದೀಪವೊಂದೇ ಉರಿಯುತ್ತಿದೆ. ಬಿಸಿನೀರಿನ ನಲ್ಲಿ ಬಿಟ್ಟಿದ್ದಾರೆ, ಹಬೆಗೆ ಕಿಟಕಿಯ ಗಾಜು ಬೆಳ್ಳಗಾಗಿದೆ. ಬಾಗಿಲಲ್ಲಿ ಒಬ್ಬ ಹೆಂಗಸು ಹೊಸಿಲು ದಾಟದೆ ನಿಂತಿದ್ದಾಳೆ. ಬೆನ್ನು ಸೆಟೆಸಿಕೊಂಡು, ಎರಡೂ ಕೈ ಎದೆಯ ಮುಂದೆ ಕಟ್ಟಿಕೊಂಡು ಒಳಗೆ ನಡೆಯುವುದನ್ನು ಇಣುಕಿ ನೋಡುತ್ತಿದ್ದಾಳೆ. ಹದಿನಾರು ವರ್ಷ ಇದೇ ಹೊತ್ತಿಗೆ ಇದೇ ಕೋಣೆಯಲ್ಲಿ ತೋಳು ಮಡಚಿ ಕೆಲಸಕ್ಕಿಳಿಯುತ್ತಿದ್ದವಳು ಈ ವಾರ ಹೊರಗಿನವಳ ಹಾಗೆ ನಿಲ್ಲಬೇಕಾಗಿದೆ.

"ಕೈ ಅಲ್ಲ, ಮೊಣಕೈ ಅದ್ದಿ ನೋಡು," ಎನ್ನುತ್ತಾಳೆ ಒಳಗಿದ್ದವಳಿಗೆ. "ದುಡಿದ ಕೈಗೆ ಬಿಸಿ ಗೊತ್ತಾಗಲ್ಲ. ಮೊಣಕೈಗೆ ಗೊತ್ತಾಗುತ್ತೆ."

ಒಳಗಿರುವವಳು ಜ್ವರದ ವಾರ್ಡಿನಿಂದ ಈಚೆಗಷ್ಟೇ ಬಂದ ಹೊಸ ಆಯಾ. ಬಾಗಿಲಲ್ಲಿ ನಿಂತವಳು ಇಲ್ಲಿನ ಹಳೆಯ ಆಯಾ. ರೋಗಿಗಳ ಬಾಯಲ್ಲಿ ಅವಳು ಬೆಣ್ಣೆಕೈ ಅಕ್ಕ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ, ಆದರೆ ಆ ಹೆಸರು ಹಿಡಿದು ಕರೆದರೆ ಯಾರನ್ನೋ ಕರೆದರೆಂದು ಅವಳೇ ಹಿಂದೆ ತಿರುಗಿ ನೋಡುತ್ತಾಳೆ. ಮೈತುಂಬ ಗುಳ್ಳೆ ಎದ್ದವರು, ತುರಿಸಿ ತುರಿಸಿ ರಕ್ತ ಬರಿಸಿಕೊಂಡವರು, ಚರ್ಮ ಹೊಟ್ಟಿನಂತೆ ಉದುರುವವರು, ಇವರಿಗೆಲ್ಲ ಸ್ನಾನ ಮಾಡಿಸಿ, ಒರೆಸಿ, ಮುಲಾಮು ಹಚ್ಚಿ, ಬಟ್ಟೆ ಸುತ್ತುವುದು ಅವಳ ಕೆಲಸ. ಒಂದು ಬೆಳಗಿಗೆ ಎಂಟು ಹತ್ತು ಸ್ನಾನ. ಡಾಕ್ಟರ ರೌಂಡ್ಸ್ ಶುರುವಾಗುವಷ್ಟರಲ್ಲಿ ಎಲ್ಲರೂ ಒಣಬಟ್ಟೆಯಲ್ಲಿ ಕೂತಿರಬೇಕು.

ಚರ್ಮದ ಕಾಯಿಲೆಯೆಂದರೆ ಮೊಡವೆ, ಹುಳುಕಡ್ಡಿ, ಸೆಕೆಗುಳ್ಳೆ ಎಂದುಕೊಂಡವರು ಒಮ್ಮೆ ಈ ವಾರ್ಡಿಗೆ ಬರಬೇಕು. ಯಾವುದೋ ಮಾತ್ರೆ ಮೈಗೆ ಆಗಿಬರದೆ ರಾತ್ರಿ ಬೆಳಗಾಗುವುದರಲ್ಲಿ ಚರ್ಮ ಸುಲಿದವರು ಇಲ್ಲಿದ್ದಾರೆ. ದೇಹದ ಕಾವಲುಪಡೆಯೇ ದಿಕ್ಕುತಪ್ಪಿ ತನ್ನದೇ ಚರ್ಮದ ಮೇಲೆ ಬಿದ್ದು ಬಾಯೊಳಗೂ ಗುಳ್ಳೆ ಎದ್ದವರು ಇದ್ದಾರೆ. ಇವುಗಳಲ್ಲಿ ಹೆಚ್ಚಿನವು ಅಂಟುವ ಕಾಯಿಲೆಗಳಲ್ಲ. ಆದರೆ ನೋಡುವವರಿಗೆ ಇದನ್ನು ಹೇಳಿ ಹೇಳಿ ಬಾಯಿ ನೋಯಬೇಕು. ನೋಡಲು ಬಂದ ನೆಂಟರು ಮಂಚದಿಂದ ಮಾರು ದೂರ ನಿಂತು, ಹಣ್ಣಿನ ಚೀಲವನ್ನು ನೆಲದ ಮೇಲಿಟ್ಟು, ಕಣ್ಣಿನಲ್ಲೇ ಕ್ಷೇಮ ವಿಚಾರಿಸಿ ಹೋಗುತ್ತಾರೆ. ಅಕ್ಕನಿಗೆ ಕಾಯಿಲೆಗಿಂತ ಇದನ್ನು ಕಂಡರೆ ಕೋಪ.

ಅದಕ್ಕೇ ಅವಳದೊಂದು ಪದ್ಧತಿ. ಹೊಸ ರೋಗಿ ಬಂದ ಕೂಡಲೇ ಅವಳು ಕೈ ತೊಳೆದುಕೊಂಡು, ಗ್ಲೌಸ್ ಹಾಕುವ ಮೊದಲು ಬರಿಗೈಯಲ್ಲಿ ರೋಗಿಯ ಮಣಿಕಟ್ಟನ್ನು ಹಿಡಿಯುತ್ತಾಳೆ. ನಾಡಿ ನೋಡುವುದಕ್ಕಲ್ಲ. ಊಟ ಆಯ್ತಾ, ಮಕ್ಕಳೆಷ್ಟು ಎಂದು ಒಂದೆರಡು ಮಾತಾಡುವಷ್ಟು ಹೊತ್ತು ಸುಮ್ಮನೆ ಹಿಡಿದಿರುತ್ತಾಳೆ. ಆಮೇಲೆ ಮತ್ತೆ ಕೈ ತೊಳೆದು ಗ್ಲೌಸ್ ಏರಿಸಿ ಕೆಲಸ ಶುರು. ಎಷ್ಟೋ ಮಂದಿ ಅಲ್ಲೇ ಅತ್ತುಬಿಡುತ್ತಾರೆ. ತಿಂಗಳುಗಟ್ಟಲೆ ಯಾರೂ ಮುಟ್ಟದ ಮೈಗಳು ಅವು.

"ಮೊದಲು ಮಣಿಕಟ್ಟು ಹಿಡೀಬೇಕು," ಎನ್ನುತ್ತಾಳೆ ಅಕ್ಕ. "ಅವರ ಹೆದರಿಕೆ ಅಲ್ಲೇ ಇಳಿಯುತ್ತೆ. ನಮ್ಮ ಹೆದರಿಕೆನೂ ಅಲ್ಲೇ ಇಳಿಯುತ್ತೆ. ನಮಗೇನು ಹೆದರಿಕೆ ಇರಲ್ವಾ?"

ಈ ಕೈ ಮೊದಲು ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಕೈ. ಮದುವೆಯಾದ ಹೊಸದರಲ್ಲಿ ಅವಳು ಒಂದು ಬೇಕರಿಯಲ್ಲಿದ್ದಳು. ಹಿಟ್ಟು ಎಷ್ಟು ಉಬ್ಬಿದೆ, ಇನ್ನೆಷ್ಟು ಒತ್ತಬಹುದು ಎಂಬುದು ಬೆರಳ ತುದಿಗೆ ತಿಳಿಯುತ್ತಿತ್ತು. ನಾದುವ ಯಂತ್ರ ಬಂತು, ಕೈಗಳಿಗೆ ರಜೆ ಸಿಕ್ಕಿತು. ಆಗ ಸೇರಿದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ. ಒಂದು ದಿನ ಹಾಸುಬಟ್ಟೆ ಒಯ್ಯಲು ಈ ವಾರ್ಡಿಗೆ ಬಂದಾಗ ಒಬ್ಬ ಅಜ್ಜನ ಬೆನ್ನಿಗೆ ಹಾಸುಬಟ್ಟೆ ಅಂಟಿಹೋಗಿತ್ತು. ಯಾರೋ ಅದನ್ನು ಎಳೆಯಲು ಹೊರಟಿದ್ದರು, ಅಜ್ಜ ಹಲ್ಲು ಕಚ್ಚಿ ಕೂತಿದ್ದರು. ಅವಳು ತಡೆದು, ಬಟ್ಟೆಯ ಮೇಲೆ ಉಗುರುಬೆಚ್ಚಗಿನ ನೀರು ಸುರಿದು, ಅದು ತಾನಾಗಿ ಬಿಡುವವರೆಗೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಚರ್ಮದ ಡಾಕ್ಟರಮ್ಮ ಆಗ ಹೊಸಬರು. ಇದನ್ನೆಲ್ಲಿ ಕಲಿತೆ ಎಂದು ಕೇಳಿದರು. ಹಿಟ್ಟು ಬಟ್ಟೆಗೆ ಅಂಟಿದರೆ ಎಳೆಯುತ್ತಾರಾ ಮೇಡಂ, ನೆನೆಸಿ ಕಾಯುತ್ತಾರೆ ಎಂದಳಂತೆ. ಮರುವಾರವೇ ಅವಳನ್ನು ಇಲ್ಲಿಗೆ ಹಾಕಿಸಿಕೊಂಡರು.

ಉಳಿದದ್ದನ್ನು ಅವಳು ಡಾಕ್ಟರಮ್ಮನಿಂದಲೇ ಕಲಿತಳು. ಟವಲಿನಿಂದ ಉಜ್ಜಬಾರದು, ಒತ್ತಿ ಒತ್ತಿ ನೀರು ತೆಗೆಯಬೇಕು. ಮೈ ಇನ್ನೂ ಹಸಿಯಾಗಿರುವಾಗಲೇ ಮುಲಾಮು ಹಚ್ಚಬೇಕು, ಆಗ ನೀರಿನಂಶ ಒಳಗೇ ಉಳಿಯುತ್ತದೆ. ರೋಮ ಮಲಗಿದ ದಿಕ್ಕಿಗೆ ಹಚ್ಚಬೇಕು, ಎದುರು ಹಚ್ಚಿದರೆ ರೋಮದ ಬುಡದಲ್ಲಿ ಕೀವುಗುಳ್ಳೆ ಏಳುತ್ತದೆ. ಬಿಡುಗಡೆಯಾಗಿ ಹೊರಟವರಿಗೆ ಅವಳು ತಪ್ಪದೆ ಒಂದು ಬುದ್ಧಿಮಾತು ಹೇಳುತ್ತಾಳೆ. ಡಾಕ್ಟರು ಬರೆದದ್ದು ಬಿಟ್ಟು ಬೇರೆ ಏನನ್ನೂ ಮೈಗೆ ಹಚ್ಚಬೇಡಿ, ಪಕ್ಕದ ಮನೆಯವರು ಕೊಟ್ಟರೂ ಬೇಡ, ಉಳಿದ ಟ್ಯೂಬಂತೂ ಬೇಡವೇ ಬೇಡ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದು ಹೇಳಿದವಳ ಮೇಲೇ ತಿರುಗಿಬೀಳುತ್ತದೆ.

ಕಳೆದ ಚಳಿಗಾಲದಲ್ಲಿ ಅವಳ ಕೈ ಕೈಕೊಟ್ಟಿತು. ಮೊದಲು ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಸಣ್ಣ ನೀರುಗುಳ್ಳೆ, ಆಮೇಲೆ ಅಂಗೈ ಒಣಗಿ ಬಿರುಕು. ದಿನವಿಡೀ ನೀರು, ಸೋಪು, ಗ್ಲೌಸಿನೊಳಗಿನ ಬೆವರು. ಬಿಡದೆ ಒದ್ದೆಯಾಗುವ ಕೈ ಬಿರಿಯದೆ ಇನ್ನೇನಾಗುತ್ತದೆ ಎಂದು ಅವಳು ತಾನೇ ಸಮಾಧಾನ ಹೇಳಿಕೊಂಡಳು. ಯಾರಿಗೂ ಹೇಳಲಿಲ್ಲ. ಚರ್ಮದ ವಾರ್ಡಿನ ಆಯಾಗೆ ಚರ್ಮರೋಗ ಎಂದರೆ ಜನ ನಗುತ್ತಾರೆ ಎಂಬುದು ಒಂದು ಕಾರಣ. ಕೆಲಸದಿಂದ ಎಬ್ಬಿಸುತ್ತಾರೆ ಎಂಬುದು ನಿಜವಾದ ಕಾರಣ. ಮನೆಯಲ್ಲಿ ಮಾತ್ರ ಮುಚ್ಚಿಡಲಾಗಲಿಲ್ಲ. ಬೀಗ ರಿಪೇರಿ ಮಾಡುವ ಗಂಡ ಸಂಜೆ ಅಂಗಡಿ ಮುಚ್ಚಿ ಬಂದು, ಕೈಯ ಎಣ್ಣೆಮಸಿ ತೊಳೆದು, ಅವಳ ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಲಾಮು ಹಚ್ಚತೊಡಗಿದ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹಚ್ಚುವಾಗೆಲ್ಲ ಗೊಣಗುತ್ತಿದ್ದ. ಒಂದು ಸಂಜೆಯೂ ತಪ್ಪಿಸಲಿಲ್ಲ.

ಎಷ್ಟು ಹಚ್ಚಿದರೂ ಕೈ ಹದಗೆಡುತ್ತಲೇ ಹೋಯಿತು. ಹೋದ ವಾರದ ಕೊನೆಯಲ್ಲಿ ಡಾಕ್ಟರಮ್ಮನ ಎದುರಿನಲ್ಲೇ ಅವಳು ಗ್ಲೌಸ್ ಕಳಚಿದಾಗ ಒಳಗೆ ರಕ್ತವಿತ್ತು. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ ಅಕ್ಕ. ಬಿರುಕುಬಿಟ್ಟ ಕೈಯಲ್ಲಿ ರೋಗಾಣು ಮನೆಮಾಡುತ್ತದೆ, ಚರ್ಮವೇ ಇಲ್ಲದ ರೋಗಿಯ ಮೈಗೆ ಅದು ದಾಟಿದರೆ ಜೀವಕ್ಕೇ ಸಂಚಕಾರ ಎಂದು ತಣ್ಣಗೆ ವಿವರಿಸಿದರು. ಇಷ್ಟು ದಿನ ಆ ಕೈಯಲ್ಲಿ ಎಷ್ಟು ಮಣಿಕಟ್ಟು ಹಿಡಿದೆನೋ ಎಂದು ಅವಳು ಒಬ್ಬೊಬ್ಬರನ್ನೇ ನೆನೆದಳು. ಯಾರಿಗೂ ಏನೂ ಆಗಿರಲಿಲ್ಲ. ಅದು ಪುಣ್ಯವಷ್ಟೇ ಎಂದು ಅವಳಿಗೂ ಗೊತ್ತು.

ಕಾರಣ ಹುಡುಕಲು ಬೆನ್ನಿಗೊಂದು ಪರೀಕ್ಷೆ ಇದೆ. ಅಂಟುಪಟ್ಟಿಯ ಮೇಲೆ ಸಾಲಾಗಿ ಪುಟ್ಟ ಬಿಲ್ಲೆಗಳು. ಒಂದರಲ್ಲಿ ರಬ್ಬರಿಗೆ ಸೇರಿಸುವ ರಾಸಾಯನಿಕ, ಒಂದರಲ್ಲಿ ಲೋಹ, ಒಂದರಲ್ಲಿ ಸುವಾಸನೆಯ ವಸ್ತು, ಮತ್ತೊಂದರಲ್ಲಿ ಮುಲಾಮುಗಳಿಗೆ ಹಾಕುವ ಜಿಡ್ಡು. ಬೆನ್ನಿಗೆ ಅಂಟಿಸಿ ಎರಡು ದಿನ ಬಿಡುತ್ತಾರೆ. ಮೈಗೆ ಯಾವುದು ಆಗದೋ ಆ ಬಿಲ್ಲೆಯ ಕೆಳಗೆ ಚರ್ಮ ಕೆಂಪಾಗಿ ಉಬ್ಬುತ್ತದೆ. ಪಟ್ಟಿ ತೆಗೆದ ದಿನ ಒಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು ಸೋಕಬಾರದು, ಬೆವರಬಾರದು, ಭಾರ ಎತ್ತಬಾರದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆ ಕಟ್ಟಿದವರು ಈ ಪರೀಕ್ಷೆಯನ್ನು ಕಂಡಿರಲಿಲ್ಲ. ಅಕ್ಕನ ಅಂಗೈ ಹುಣ್ಣಿಗೆ ಕನ್ನಡಿ ಬೇಕಾಯಿತು, ಅದೂ ಬೆನ್ನ ಮೇಲೆ.

ರಬ್ಬರ್ ಆಗಿಬಾರದಿದ್ದರೆ ಗ್ಲೌಸ್ ಹಾಕುವಂತಿಲ್ಲ. ಬೇರೆ ಬಗೆಯ ಗ್ಲೌಸ್ ಇವೆ, ಆದರೆ ಈ ಆಸ್ಪತ್ರೆಗೆ ಬರುವುದು ರಬ್ಬರಿನದೇ. ಗ್ಲೌಸ್ ಇಲ್ಲದೆ ಸ್ನಾನದ ಕೋಣೆಗೆ ಕಾಲಿಡುವಂತಿಲ್ಲ. ಹಾಗಾದರೆ ಅಕ್ಕ ನೆಲಮಾಳಿಗೆಯ ಬಟ್ಟೆ ಕೋಣೆಗೆ ಹೋಗಬೇಕು, ಒಗೆದು ಬಂದ ಹಾಸುಬಟ್ಟೆಗಳನ್ನು ಮಡಿಸಿ ಜೋಡಿಸುತ್ತ ನಿವೃತ್ತಿಯವರೆಗೆ ಕೂರಬೇಕು. ಆ ಜಾಗ ಈಗಾಗಲೇ ಖಾಲಿ ಇದೆ. "ಸಂಬಳ ಅಷ್ಟೇ, ಕೆಲಸ ಹಗುರ, ಎಲ್ಲ ಸರಿ," ಎನ್ನುತ್ತಾಳೆ. "ಆದ್ರೆ ಬಟ್ಟೆ ಮಾತಾಡಲ್ವಲ್ಲ."

ಎರಡು ರಾತ್ರಿ ಅವಳು ಬೋರಲು ಮಲಗಿದಳು. ಗಂಡ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಹೊರಳಿದರೆ ತಟ್ಟಿ ಎಬ್ಬಿಸಿದ. ಪಟ್ಟಿಯ ಅಂಚು ಏಳುತ್ತಿದೆಯೆಂದು ಡಾಕ್ಟರಮ್ಮ ಕೊಟ್ಟಿದ್ದ ಟೇಪಿನಿಂದ ಮತ್ತೊಮ್ಮೆ ಒತ್ತಿದ. ಊರಿನವರ ಬೀಗಕ್ಕೆಲ್ಲ ಒಂದು ದಿನದ ಕೆಲಸ, ನಿನ್ನ ಬೆನ್ನಿಗೆ ಮಾತ್ರ ಎರಡು ದಿನದ ಕಾವಲು ಎಂದು ನಗಿಸಲು ನೋಡಿದ. ಇಬ್ಬರಿಗೂ ನಗು ಬರಲಿಲ್ಲ. ಬೆಳಗ್ಗೆ ಹೊರಡುವಾಗ, ಇವತ್ತೊಂದು ದಿನ ರಜೆ ಹಾಕು ಎಂದು ಬೇಡಿಕೊಂಡ. ಹನ್ನೊಂದು ಗಂಟೆಗೆ ಪಟ್ಟಿ ತೆಗೆಯುತ್ತಾರೆ, ಅಲ್ಲಿವರೆಗೆ ಬಟ್ಟೆ ಮಡಿಸುತ್ತ ಕೂರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಾಳೆ. ಬಂದವಳು ಸ್ನಾನದ ಕೋಣೆಯ ಬಾಗಿಲಲ್ಲಿ ನಿಂತಿದ್ದಾಳೆ.

ಯಾಕೆಂದರೆ ಒಳಗೆ ಸ್ಟೂಲಿನ ಮೇಲೆ ಲೆಕ್ಕದ ಟೀಚರ್ ಕೂತಿದ್ದಾರೆ. ಐವತ್ತರ ಆಸುಪಾಸಿನ ಹೆಂಗಸು, ಹಳೆಯ ಸೋರಿಯಾಸಿಸ್ ರೋಗಿ. ನಮ್ಮ ಮೈಯಲ್ಲಿ ಹೊಸ ಚರ್ಮ ಬಲಿತು ಮೇಲೆ ಬರಲು ತಿಂಗಳು ಹಿಡಿದರೆ ಸೋರಿಯಾಸಿಸ್ ಇದ್ದವರಲ್ಲಿ ಅದು ಕೆಲವೇ ದಿನದಲ್ಲಿ ನುಗ್ಗಿ ಬಂದು ಪದರ ಪದರವಾಗಿ ಉದುರುತ್ತದೆ. ಅಂಟುವುದಿಲ್ಲ, ಬೇರುಸಹಿತ ಹೋಗುವುದೂ ಇಲ್ಲ. ಮುಲಾಮು, ಬೆಳಕಿನ ಚಿಕಿತ್ಸೆ, ಬೇಕಾದರೆ ಮಾತ್ರೆ, ಇಂಜೆಕ್ಷನ್ನುಗಳಿಂದ ಹತೋಟಿಯಲ್ಲಿಟ್ಟು ಬಾಳಬಹುದು. ಟೀಚರ್ ಹಾಗೇ ಬಾಳಿದ್ದವರು. ಆದರೆ ಬೇರುಸಹಿತ ಕೀಳುತ್ತೇನೆಂದ ಒಬ್ಬ ಮಹಾನುಭಾವ ಹೆಸರಿಲ್ಲದ ಪೊಟ್ಟಣದಲ್ಲಿ ಪುಡಿ ಕೊಟ್ಟ. ಮೈ ಕನ್ನಡಿಯಂತಾಯಿತು. ಪುಡಿ ಮುಗಿಯಿತು, ಕೊಟ್ಟವನು ಪತ್ತೆಯಿಲ್ಲ. ಅದರಲ್ಲಿ ಬಲವಾದ ಸ್ಟೀರಾಯ್ಡ್ ಇತ್ತೆಂಬುದು ಡಾಕ್ಟರಮ್ಮನ ಅಂದಾಜು. ಅಂಥದ್ದನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ನಾಲ್ಕು ಪಟ್ಟು ಕೆರಳುತ್ತದೆ. ಈಗ ನೆತ್ತಿಯಿಂದ ಅಂಗಾಲಿನವರೆಗೆ ಮೈ ಕೆಂಡದ ಬಣ್ಣ. ಚರ್ಮ ಕಾವು ಹಿಡಿದಿಟ್ಟುಕೊಳ್ಳುತ್ತಿಲ್ಲ, ಬಿಸಿಲಲ್ಲೂ ನಡುಗುತ್ತಾರೆ. ಮೈಯ ನೀರೆಲ್ಲ ಚರ್ಮದಿಂದಲೇ ಆವಿಯಾಗಿ, ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ.

ಮೊನ್ನೆಯಿಂದ ಅವರು ಸ್ನಾನ ಮಾಡಿಲ್ಲ. ಅಕ್ಕ ಬಿಟ್ಟು ಬೇರೆಯವರು ಮುಟ್ಟುವುದು ಬೇಡ ಎಂಬ ಹಟ. ಹಕ್ಕಳೆ ಗಟ್ಟಿಯಾಗಿ ವಾಸನೆ ಬರತೊಡಗಿದೆ, ನಿನ್ನೆ ಸಂಜೆಯಿಂದ ಜ್ವರ. ಇವತ್ತು ಸ್ನಾನ ಆಗಲೇಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಹೊಸ ಆಯಾ ಉಸಿರು ಬಿಗಿಹಿಡಿದು, ಕೈ ಚಾಚಿದಷ್ಟು ದೂರದಿಂದ ನೀರು ಬಿಡುತ್ತಿದ್ದಾಳೆ. ಟೀಚರ್ ಅವಳ ಕೈಯನ್ನೇ ನೋಡುತ್ತಿದ್ದಾರೆ.

"ಎರಡು ಜೊತೆ ಗ್ಲೌಸ್ ಹಾಕ್ಕೊಂಡಿದ್ದೀಯ," ಎನ್ನುತ್ತಾರೆ. "ಲೆಕ್ಕದ ಟೀಚರಿಗೆ ಎಣಿಸೋಕೆ ಬರಲ್ಲ ಅಂದ್ಕೊಂಡ್ಯಾ?"

ಹೊಸಬಳ ಮುಖ ಸಣ್ಣಗಾಗುತ್ತದೆ. ಅಕ್ಕ ಬಾಗಿಲಿನಿಂದಲೇ ಇಬ್ಬರನ್ನೂ ಸಂಬಾಳಿಸುತ್ತಾಳೆ. ಹೊಸಬಳಿಗೆ, ಮೊದಲು ಬೆನ್ನಿಗೆ, ಆಮೇಲೆ ತೋಳಿಗೆ ನೀರು ಬಿಡು, ನಡುವೆ ಮಾತಾಡಿಸು ಎಂದು ಹೇಳಿಕೊಡುತ್ತಾಳೆ. ಟೀಚರಿಗೆ, ಅವಳು ಜ್ವರದವರ ಹಣೆ ಒತ್ತಿ ಬಂದವಳು, ಎರಡು ದಿನ ಕೊಡಿ ಕಲಿಯುತ್ತಾಳೆ ಎಂದು ಸಮಾಧಾನ ಹೇಳುತ್ತಾಳೆ. ಹೇಗೋ ಸ್ನಾನ ಮುಗಿಯುತ್ತ ಬರುತ್ತದೆ. ನೀರು ತುಸು ಹೆಚ್ಚೇ ಬಿಸಿಯಾಗಿದೆಯೆಂದು ಹಬೆ ನೋಡಿ ಅಕ್ಕನಿಗೆ ಅನ್ನಿಸುತ್ತದೆ. ಟೀಚರೇ, ಏಳಬೇಡಿ, ಕೂತೇ ಇರಿ ಎಂದು ಅವಳು ಹೇಳುವಷ್ಟರಲ್ಲಿ ಟೀಚರ್ ಎದ್ದುನಿಂತಾಗಿದೆ. ಗೋಡೆ ಹಿಡಿಯಲು ಕೈ ಚಾಚುತ್ತಾರೆ, ಗೋಡೆ ಸಿಗುವುದಿಲ್ಲ. ಹೊಸಬಳು ಹಿಡಿಯುವ ಬದಲು ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ.

ಅಕ್ಕ ಹೊಸಿಲು ದಾಟುತ್ತಾಳೆ. ಯೋಚಿಸಿ ದಾಟಿದ್ದಲ್ಲ, ಕಾಲು ತಾನಾಗಿ ಹೋಯಿತು ಎಂದು ಆಮೇಲೆ ಹೇಳುತ್ತಾಳೆ. ಆದರೆ ಕೈ ಯೋಚಿಸಿದೆ. ಎರಡೂ ಮುಷ್ಟಿ ಬಿಗಿದು, ಅಂಗೈ ತಾಗದ ಹಾಗೆ ಬರೀ ತೋಳುಗಳಿಂದ ಟೀಚರನ್ನು ತಬ್ಬಿ ಎದೆಗೆ ಒರಗಿಸಿಕೊಂಡು, ತಾನೂ ಅವರೊಂದಿಗೆ ಮೆಲ್ಲಗೆ ನೆಲಕ್ಕೆ ಕೂರುತ್ತಾಳೆ. ಹೊಸಬಳ ಕೈಯಿಂದ ಜಾರಿದ ಶವರಿನ ಕೊಳವೆ ನೆಲದ ಮೇಲೆ ಒದ್ದಾಡುತ್ತ ಅಕ್ಕನ ಬೆನ್ನಿಗೇ ನೀರೆರಚುತ್ತದೆ. ನಲ್ಲಿ ನಿಲ್ಲಿಸು ಎಂದು ಅವಳು ಎರಡು ಸಲ ಹೇಳಬೇಕಾಗುತ್ತದೆ. ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಬೋರಲು ಮಲಗಿ ಕಾದ ಎರಡು ರಾತ್ರಿಗಳು ನೀರಲ್ಲಿ ಹೋಮವಾದವಲ್ಲ ಎಂದು ಅವಳ ಮನಸ್ಸು ಕೂಗುತ್ತಿರುವಾಗಲೇ ಟೀಚರ್ ಕಣ್ಣು ಬಿಡುತ್ತಾರೆ.

ಅವರು ಮೊದಲು ನೋಡುವುದು ತಮ್ಮ ಎದೆಯ ಮುಂದೆ ಬಿಗಿದಿರುವ ಆ ಎರಡು ಮುಷ್ಟಿಗಳನ್ನು.

"ನೀನೂ ಅಷ್ಟೇನಾ ಅಕ್ಕಾ?" ಎನ್ನುತ್ತಾರೆ. "ನೀನೂ ಕೈ ಮುಚ್ಕೊಂಡ್ಯಾ?"

ಈ ಮಾತಿಗೆ ಅಕ್ಕನ ಕಣ್ಣು ತುಂಬುತ್ತದೆ. ಹದಿನಾರು ವರ್ಷದಲ್ಲಿ ಯಾವ ರೋಗಿಯೂ ಅವಳಿಗೆ ಇಂಥ ಮಾತು ಆಡಿರಲಿಲ್ಲ. ಅವಳು ಮುಷ್ಟಿ ಬಿಚ್ಚಿ ಅಂಗೈ ತೋರಿಸುತ್ತಾಳೆ. ಬೆರಳ ಬುಡದಲ್ಲಿ ಕೆಂಪು ಬಿರುಕು, ಮಧ್ಯೆ ಸುಲಿದ ಚರ್ಮ, ಹೆಬ್ಬೆರಳ ಪಕ್ಕ ಒಣಗಿದ ರಕ್ತ. ಟೀಚರ್ ಬಹಳ ಹೊತ್ತು ನೋಡುತ್ತಾರೆ. ನಂದಕ್ಕಿಂತ ನಿಂದೇ ಕೆಟ್ಟದಾಗಿದೆಯಲ್ಲೇ ಎಂದು ಕೊನೆಗೆ ಹೇಳುತ್ತಾರೆ. ಇಬ್ಬರೂ ಒದ್ದೆ ನೆಲದ ಮೇಲೆ ಕೂತು ನಗುತ್ತಾರೆ. ಮೂಲೆಯಲ್ಲಿ ನಿಂತ ಹೊಸಬಳು ಅಳುತ್ತಿದ್ದಾಳೆ.

ಡಾಕ್ಟರಮ್ಮನ ಕೋಣೆಯಲ್ಲಿ ಅಕ್ಕ ಬೆನ್ನು ತಿರುಗಿಸಿ ಕೂತಾಗ ಹತ್ತು ಗಂಟೆ. ಪಟ್ಟಿಯ ಕೆಳಸಾಲು ಎದ್ದುಬಂದಿದೆ, ರಬ್ಬರಿನ ಬಿಲ್ಲೆಗಳು ಇದ್ದದ್ದು ಅದೇ ಸಾಲಿನಲ್ಲಿ. ಹೆಚ್ಚುಕಡಿಮೆ ಎರಡು ದಿನ ಅಂಟಿಕೊಂಡಿದ್ದವು, ಓದಬಹುದು ಎನ್ನುತ್ತಾರೆ ಡಾಕ್ಟರಮ್ಮ. ಆದರೆ ನೀರು ಬಿದ್ದು, ಅಂಗಿ ಉಜ್ಜಿ ಬೆನ್ನಿನ ಆ ಭಾಗವೆಲ್ಲ ಕೆಂಪಾಗಿದೆ. ಯಾವುದು ಉಜ್ಜಿದ ಕೆಂಪು, ಯಾವುದು ಒಳಗಿನಿಂದ ಬಂದ ಕೆಂಪು ಎಂದು ಈಗ ಹೇಳಲಾಗದು. ಉಜ್ಜಿದ್ದಾದರೆ ಎರಡು ದಿನದಲ್ಲಿ ಮಾಸುತ್ತದೆ, ಆಗಿಬಾರದ್ದಾದರೆ ಎರಡು ದಿನದಲ್ಲಿ ಹೆಚ್ಚುತ್ತದೆ. ಶುಕ್ರವಾರ ನೋಡೋಣ ಎಂದು ಬಿಲ್ಲೆಗಳ ಜಾಗವನ್ನು ಪೆನ್ನಿನಿಂದ ಗುರುತು ಮಾಡುತ್ತಾರೆ. ಮೇಲೆ ಬೇರೆಲ್ಲಾದರೂ ಕೆಂಪಿದೆಯಾ ಎಂದು ಅಕ್ಕ ಕೇಳುತ್ತಾಳೆ. ಒಂದು ಕಡೆ ಚಿವುಟಿದಷ್ಟು ಇದೆ, ಅದನ್ನೂ ಶುಕ್ರವಾರವೇ ನೋಡಬೇಕು ಎಂಬ ಉತ್ತರ ಬರುತ್ತದೆ.

ಆ ಎರಡು ದಿನ ಅವಳು ನೆಲಮಾಳಿಗೆಯಲ್ಲಿ ಹಾಸುಬಟ್ಟೆ ಮಡಿಸಿದಳು. ಕೆಳಬೆನ್ನು ತುರಿಸಿದರೆ ಜೀವ ಬಾಯಿಗೆ ಬರುತ್ತಿತ್ತು, ಹೆಗಲ ಹತ್ತಿರ ತುರಿಸಿದರೆ ಸದ್ಯ ಎನ್ನಿಸುತ್ತಿತ್ತು. ಗಂಡನಿಗೆ ಬೆನ್ನು ತೋರಿಸಿ ಏನಿದೆ ಹೇಳಿ ಎಂದರೆ, ನನಗೆ ಬೀಗ ಓದೋಕೆ ಬರುತ್ತೆ, ಬೆನ್ನು ಓದೋಕೆ ಬರಲ್ಲ ಎಂದು ಅವನು ಜಾರಿಕೊಂಡ. ಮುಲಾಮು ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಮೇಲಿನ ವಾರ್ಡಿನಿಂದ ಒಂದು ಒಳ್ಳೆಯ ಸುದ್ದಿ ಬಂತು. ಮರುದಿನ ಬೆಳಗ್ಗೆ ಹೊಸಬಳು ಟೀಚರ ಮಂಚದ ಹತ್ತಿರ ಹೋಗಿ, ಗ್ಲೌಸ್ ಹಾಕುವ ಮೊದಲು ಅವರ ಮಣಿಕಟ್ಟು ಹಿಡಿದು, ಹೆದರಿಬಿಟ್ಟೆ ಟೀಚರ್, ತಪ್ಪಾಯ್ತು ಎಂದಳಂತೆ. ಟೀಚರ್ ಸ್ನಾನಕ್ಕೆ ಎದ್ದರಂತೆ. ಅಕ್ಕನಿಗೆ ಖುಷಿಯಾಯಿತು. ಒಳಗೆಲ್ಲೋ ಸಣ್ಣಗೆ ಚುಚ್ಚಿತು ಕೂಡ. ಅದನ್ನು ಅವಳು ಮುಚ್ಚಿಡುವುದಿಲ್ಲ.

ಶುಕ್ರವಾರ. ಕಿಟಕಿಯ ಬೆಳಕಿಗೆ ಬೆನ್ನೊಡ್ಡಿ ಅಕ್ಕ ಕೂತಿದ್ದಾಳೆ. ಡಾಕ್ಟರಮ್ಮ ಬೆರಳಿನಿಂದ ಸವರಿ ನೋಡುತ್ತಾರೆ, ಭೂತಗನ್ನಡಿ ಹಿಡಿಯುತ್ತಾರೆ, ಮತ್ತೆ ಸವರುತ್ತಾರೆ. ಕೆಳಸಾಲಿನ ಕೆಂಪು ಪೂರ್ತಿ ಮಾಸಿದೆ. ರಬ್ಬರ್ ಅಲ್ಲ. ಸುವಾಸನೆಯಲ್ಲ, ಲೋಹವಲ್ಲ. ಅಕ್ಕ ಉಸಿರು ಬಿಡುವಷ್ಟರಲ್ಲಿ ಡಾಕ್ಟರಮ್ಮನ ಬೆರಳು ಹೆಗಲ ಹತ್ತಿರ ನಿಲ್ಲುತ್ತದೆ. ಅಲ್ಲಿ ಬಿಲ್ಲೆಯಷ್ಟೇ ಅಗಲಕ್ಕೆ ಚರ್ಮ ಕೆಂಪಾಗಿ ದಪ್ಪಗೆ ಉಬ್ಬಿದೆ, ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು.

ಅದು ಉಣ್ಣೆಯ ಜಿಡ್ಡು. ಕುರಿಯ ಉಣ್ಣೆಯಿಂದ ತೆಗೆದು ಕೆಲವು ಮುಲಾಮುಗಳಿಗೆ ಸೇರಿಸುತ್ತಾರೆ, ಸಾವಿರಾರು ಮಂದಿಗೆ ಒಳ್ಳೆಯದನ್ನೇ ಮಾಡುತ್ತದೆ. ಈ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ತಯಾರಾಗುವ ಹಳದಿ ಮುಲಾಮಿನಲ್ಲೂ ಅದಿದೆ. ಆದರೆ ಅದನ್ನು ಅಕ್ಕ ಹಚ್ಚುವುದು ಗ್ಲೌಸ್ ಹಾಕಿಕೊಂಡು, ಬರಿಗೈಗೆ ಅದು ಎಲ್ಲಿ ತಾಗಿತು ಎಂದು ಡಾಕ್ಟರಮ್ಮ ಕೇಳುತ್ತಾರೆ. ಅಕ್ಕ ತಲೆ ಎತ್ತುವುದಿಲ್ಲ.

"ಡಬ್ಬಿ ಖಾಲಿ ಆದಾಗ ತಳದಲ್ಲಿ ಒಂಚೂರು ಉಳಿದಿರುತ್ತೆ ಮೇಡಂ," ಎನ್ನುತ್ತಾಳೆ. "ಕೆರೆದು ಮನೆಗೆ ತಗೊಂಡು ಹೋಗ್ತಿದ್ದೆ. ಹೇಗೂ ಎಸೀತಾರಲ್ಲ ಅಂತ. ದಿನಾ ಸಂಜೆ ಹಚ್ತಿದ್ವಿ."

ನಾಲ್ಕು ಸಲ ಕೇಳಿದೆನಲ್ಲ, ಕೈಗೆ ಏನೇನು ತಾಗುತ್ತದೆ ಎಂದು, ಆಗ ಇದನ್ನು ಯಾಕೆ ಹೇಳಲಿಲ್ಲ ಎಂದು ಡಾಕ್ಟರಮ್ಮ ಕೇಳುತ್ತಾರೆ.

"ಅದು ಔಷಧಿ ಅಲ್ವಾ ಮೇಡಂ?"

ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಇದು. ನೀರು, ಸೋಪು ಕೈಯನ್ನು ಬಿರಿಸಿದವು. ಬಿರುಕಿನೊಳಗೆ ಇಳಿದ ಮುಲಾಮನ್ನು ಅಕ್ಕನ ಮೈ ಶತ್ರುವೆಂದು ತಿಳಿಯಿತು. ಹುಣ್ಣು ಹೆಚ್ಚಾಯಿತೆಂದು ಮುಲಾಮು ಹೆಚ್ಚು ಹಚ್ಚಿದರು, ಮುಲಾಮು ಹೆಚ್ಚಾಯಿತೆಂದು ಹುಣ್ಣು ಹೆಚ್ಚಿತು. ಉಳಿದ ಟ್ಯೂಬು ಹಚ್ಚಬೇಡಿ ಎಂದು ಊರಿಗೆಲ್ಲ ಹೇಳಿದವಳಿಗೆ ತನ್ನ ಕೈಯ ಡಬ್ಬಿ ಆ ಲೆಕ್ಕದಲ್ಲಿ ಬರುತ್ತದೆಂದು ಹೊಳೆಯಲೇ ಇಲ್ಲ. ಚರ್ಮದ ವಾರ್ಡಿನಲ್ಲಿ ಬಾಳಿದವರೇ ಮಾಡಬಲ್ಲ ತಪ್ಪು ಇದು. ಡಾಕ್ಟರಮ್ಮ, "ನಾನೂ ಏನು ತಾಗುತ್ತೆ ಅಂತ ಕೇಳಿದೆ, ಏನು ಹಚ್ತೀರಿ ಅಂತ ಕೇಳಲಿಲ್ಲ ಅಕ್ಕಾ," ಎನ್ನುತ್ತಾರೆ.

ಆಮೇಲೆ ತೀರ್ಪು. ಹಳದಿ ಡಬ್ಬಿ ಇವತ್ತೇ ಕಸಕ್ಕೆ. ಉರಿ ಇಳಿಸಲು ಕೆಲವು ದಿನ ಉಣ್ಣೆಯ ಜಿಡ್ಡಿಲ್ಲದ ಬೇರೆ ಮುಲಾಮು, ಆಮೇಲೆ ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿ. ಅಂಗೈ ಪೂರ್ತಿ ಕೂಡಿಕೊಳ್ಳುವವರೆಗೆ ನೀರಿನ ಕೆಲಸವಿಲ್ಲ. ಕೂಡಿಕೊಂಡ ಮೇಲೆ, ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರಿನದು ಹಾಕಿಕೊಂಡು ಸ್ನಾನದ ಕೋಣೆಗೆ ಬರಬಹುದು. ಎಷ್ಟು ದಿನವಾಗುತ್ತದೆ ಎಂದು ಅಕ್ಕ ಕೇಳುತ್ತಾಳೆ. ಹಿಟ್ಟು ಬಟ್ಟೆಗೆ ಅಂಟಿದರೆ ಏನು ಮಾಡುತ್ತಾರೆ ಎಂದು ಡಾಕ್ಟರಮ್ಮ ತಿರುಗಿ ಕೇಳುತ್ತಾರೆ. ಕಾಯುತ್ತಾರೆ ಎಂದು ಅಕ್ಕ ಒಪ್ಪಿಕೊಳ್ಳುತ್ತಾಳೆ.

ಗೆದ್ದು ಬಂದವಳ ಮುಖ ಸಂಜೆ ಮನೆ ಸೇರುವ ಹೊತ್ತಿಗೆ ಬಾಡಿರುತ್ತದೆ. ಕೆಲಸ ಉಳಿಯಿತು, ಅದನ್ನು ಗಂಡನಿಗೆ ಹೇಳುವುದು ಸುಲಭ. ಕೆಡಿಸಿದ್ದು ಯಾವುದೆಂದು ಹೇಳುವುದು ಹೇಗೆ? ಚಳಿಗಾಲದಿಂದ ಒಂದು ದಿನವೂ ತಪ್ಪದೆ ಹಚ್ಚಿದವನು ಅವನೇ. ಮುಚ್ಚಿಟ್ಟರೆ ಆಯಿತು, ಹಾವೂ ಸಾಯದು, ಕೋಲೂ ಮುರಿಯದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾಳೆ. ಆದರೆ ಬಾಗಿಲು ತೆಗೆದರೆ ಅವನಾಗಲೇ ಕೈ ತೊಳೆದುಕೊಂಡು ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಾನೆ. ಮುಚ್ಚಳಕ್ಕೆ ಕೈ ಹಾಕಿದವನನ್ನು ತಡೆದು ಅವಳು ಎಲ್ಲವನ್ನೂ ಹೇಳಿಬಿಡುತ್ತಾಳೆ.

ಅವನು ಎದ್ದುಹೋಗಿ ಡಬ್ಬಿಯನ್ನು ಬೀದಿಯ ಕಸದ ತೊಟ್ಟಿಗೆ ಹಾಕಿ ಬರುತ್ತಾನೆ. ಸೋಪು ಹಚ್ಚಿ ಮತ್ತೆ ಕೈ ತೊಳೆಯುತ್ತಾನೆ, ಅದು ಮುಗಿಯುವಂತೆಯೇ ಕಾಣುವುದಿಲ್ಲ. ಅಕ್ಕ ಹೊಸ ಮುಲಾಮನ್ನು ಮೇಜಿನ ಮೇಲಿಟ್ಟು ಕೈ ಮುಂದೆ ಚಾಚುತ್ತಾಳೆ. ಅವನು ಗೋಡೆಗೊರಗಿ ನಿಂತಲ್ಲೇ ನಿಂತಿದ್ದಾನೆ.

"ನೀನೇ ಹಚ್ಕೋ," ಎನ್ನುತ್ತಾನೆ. "ನನ್ನ ಕೈ ಬೇಡ."

ಮಾರು ದೂರ ನಿಂತವರನ್ನು ಅವಳು ಇಷ್ಟು ವರ್ಷ ದಿನವೂ ನೋಡಿದ್ದಾಳೆ. ಕೋಪವನ್ನೂ ಮಾಡಿಕೊಂಡಿದ್ದಾಳೆ. ಇವತ್ತು ಅವಳಿಗೆ ಕೋಪ ಬರುವುದಿಲ್ಲ. ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳದೆ ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವನತ್ತ ಸರಿಸುತ್ತಾಳೆ.

"ಬನ್ನಿ," ಎನ್ನುತ್ತಾಳೆ. "ಮೊದಲು ಮಣಿಕಟ್ಟು ಹಿಡೀರಿ."